ಬೇಸಿಗೆಯ ಏಳು ವಾರ ಮತ್ತು ಕಂಪ್ಯೂಟರ್ ಅಂಗಡಿ

(ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಮಾರ್ಚ್ ತಿಂಗಳು ಬಂತೆಂದರೆ ಶಾಲೆ ಬಿಟ್ಟ ಮೇಲೆ ಎಂಟತ್ತು ಹುಡುಗರು ನನ್ನ ಸೈಕಲ್ ಮೋಟರಿನ ಸುತ್ತ ನಿಂತಿರುತ್ತಾರೆ. ಅವರ ಮಾತು ಒಂದೇ: "ಸರ್, ರಜೆದಾಗ ಯಾವುದಾರ ಕಂಪ್ಯೂಟರ್ ಅಂಗಡ್ಯಾಗ ಕೆಲಸ ಇದ್ರ ಹೇಳ್ರಿ." ಹಿಂದೆ ಇದೇ ವಯಸ್ಸಿನವರು ಗ್ಯಾರೇಜಿಗೆ ಹೋಗುತ್ತಿದ್ದರು, ಬಟ್ಟೆ ಅಂಗಡಿಗೆ ಹೋಗುತ್ತಿದ್ದರು, ಕೆಲವರು ಮಾಮಾನ ಜೊತೆ ಪುಣೆಗೋ ಹೈದರಾಬಾದಿಗೋ ಹೋಗಿಬಿಡುತ್ತಿದ್ದರು. ಈಗ ಕಂಪ್ಯೂಟರ್ ಅಂಗಡಿ ಬೇಕು. ಅಲ್ಲಿ ಕುರ್ಚಿ ಇದೆ, ಮೇಲೆ ಫ್ಯಾನ್ ಇದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದೇನು ಸಣ್ಣ ಮಾತಲ್ಲ. ಆದರೆ ಫ್ಯಾನಿನ ಗಾಳಿಗಾಗಿ ಹೋಗುವ ಹುಡುಗನಿಗೂ ಏನಾದರೂ ಕಲಿಯಲೆಂದು ಹೋಗುವ ಹುಡುಗನಿಗೂ ವ್ಯತ್ಯಾಸ ಇದೆ. ಹೋದವನು ಜೂನ್ ತಿಂಗಳಲ್ಲಿ ಶಾಲೆಗೆ ಮರಳಿ ಬರುತ್ತಾನೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ವ್ಯತ್ಯಾಸ. ಇವತ್ತು ನಿಮ್ಮೊಂದಿಗೆ ಆಡಬೇಕಾದ ಮಾತು ಇದೇ.

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. 2006ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಗೆ ಹೋಗಿ ನಿಂತೆ. ಒಳಗೆ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಮಾಲೀಕರು ತಲೆ ಎತ್ತದೆ ಕೇಳಿದರು, "ಏನೇನ್ ಬರ್ತದಪಾ ನಿನಗ?" ನಾನು "ಎಲ್ಲಾ ಬರ್ತದ್ರಿ" ಎಂದೆ. ಅಲ್ಲಿಯವರೆಗೆ ಮೌಸ್ ಮುಟ್ಟಿದವನಲ್ಲ. ಅವರು ನಕ್ಕು, ಉರ್ದುವಿನಲ್ಲಿ ಕೈಯಿಂದ ಬರೆದಿದ್ದ ಒಂದು ಮದುವೆ ಆಮಂತ್ರಣದ ಚೀಟಿ ಕೊಟ್ಟು, "ಇದನ್ನ ಓದು" ಅಂದರು. ಓದಿದೆ. ಅವರ ಬಳಿ ಟೈಪ್ ಮಾಡುವವನಿಗೆ ಕನ್ನಡ ಮಾತ್ರ ಬರುತ್ತಿತ್ತು. ಉರ್ದು ಚೀಟಿ ಬಂದರೆ ಯಾರಾದರೂ ಬಂದು ಓದಿ ಹೇಳುವವರೆಗೆ ಕೆಲಸ ಹಾಗೇ ಬಿದ್ದಿರುತ್ತಿತ್ತು. ಅವತ್ತೇ ನನಗೆ ಕೆಲಸ ಸಿಕ್ಕಿತು. ಕಂಪ್ಯೂಟರ್ ಬರುತ್ತದೆ ಎಂಬ ಸುಳ್ಳಿನಿಂದ ಸಿಕ್ಕಿದ್ದಲ್ಲ, ಎರಡು ಲಿಪಿ ಬರುತ್ತದೆ ಎಂಬ ನಿಜದಿಂದ ಸಿಕ್ಕಿತು. ಆ ನಿಜ ನನ್ನ ಬಳಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಮುಂದಿನದೂ ಹೇಳಬೇಕು. ಮೂರನೇ ವಾರದಲ್ಲಿ ಒಂದು ವಲೀಮಾ ಕಾರ್ಡಿನ ದಿನಾಂಕ ನನ್ನಿಂದ ತಪ್ಪಿತು. ಎರಡು ನೂರು ಕಾರ್ಡು ಮುದ್ರಣವಾಗಿ ಹೋದವು. ಏಳು ವಾರ ದುಡಿದದ್ದಕ್ಕೆ ಕೊನೆಗೆ ಕೈಗೆ ಬಂದದ್ದು ಏನೂ ಇಲ್ಲ, ಕಾರ್ಡಿನ ಖರ್ಚಿಗೆ ಮುರಿದುಕೊಂಡೆವು ಎಂದರು. ಎಷ್ಟು ಖರ್ಚಾಯಿತು, ನನ್ನ ಪಗಾರ ಎಷ್ಟಿತ್ತು ಎಂದು ನಾನು ಕೇಳಲಿಲ್ಲ. ಕೇಳಲು ಆಧಾರವೇ ಇರಲಿಲ್ಲ, ಏಕೆಂದರೆ ಮೊದಲ ದಿನ ಏನನ್ನೂ ಮಾತಾಡಿರಲಿಲ್ಲ. "ಉಸ್ತಾದರ ಹತ್ತಿರ ದುಡ್ಡಿನ ಮಾತು ಎತ್ತಬಾರದು" ಎಂದು ಮನೆಯಲ್ಲಿ ಹೇಳಿ ಕಳುಹಿಸಿದ್ದರು. ಕೆಲಸ ಕಲಿಸುವವರಿಗೆ ಅದಬ್ ತೋರಿಸಲೇಬೇಕು. ಆದರೆ ಪಗಾರದ ಮಾತನ್ನು ಮೊದಲೇ ಆಡಿಕೊಳ್ಳುವುದು ಅದಬಿಗೆ ವಿರುದ್ಧ ಎಂದು ಯಾರು ಹೇಳಿದರೋ ನನಗೆ ತಿಳಿಯದು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬುದು ನಮ್ಮ ದೀನ್ ಕಲಿಸಿದ ಮಾತು. ಅದನ್ನು ಜುಮ್ಮಾ ದಿನ ಕೇಳಿ ಶನಿವಾರ ಮರೆಯುವುದು ಯಾರಿಗೂ ಒಳ್ಳೆಯದಲ್ಲ.

ಈಗ ಆ ಎರಡು ಲಿಪಿಯ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಅನೇಕರಿಗೆ ಉರ್ದು ಮಾಧ್ಯಮದಲ್ಲಿ ಓದಿದ್ದು ಒಂದು ಕೊರತೆ ಎಂಬ ಭಾವನೆ ಇದೆ. ಕನ್ನಡ ಮಾಧ್ಯಮದವರ ಮುಂದೆ ತಲೆ ತಗ್ಗಿಸುತ್ತೀರಿ. ನಾನು ಎರಡೂ ಭಾಷೆ ಕಲಿಸುವವನು, ಅದಕ್ಕೇ ಹೇಳುತ್ತೇನೆ, ತಹಸೀಲ್ ಕಚೇರಿ ಎದುರಿನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಿ.

ಜಮೀಲ್, ಜಾಕಿರ್, ಜುಬೇರ್, ಜಮೀರ್, ಜಹೀರ್. ಈ ಐದು ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಐದಕ್ಕೂ ಮೊದಲ ಅಕ್ಷರ ಒಂದೇ, 'ಜ'. ಉರ್ದುವಿನಲ್ಲಿ ಐದೂ ಬೇರೆ: ಜೀಮ್, ಜಾಲ್, ಜೇ, ಜ್ವಾದ್, ಜೋಯ್. ಇಂಗ್ಲಿಷಿಗೆ ಹೋದಾಗ ಜಮೀಲನಿಗೆ 'ಜೆ' ಬರಬೇಕು, ಉಳಿದ ನಾಲ್ವರಿಗೆ 'ಜೆಡ್' ಬರಬೇಕು. ಕನ್ನಡ ಮಾತ್ರ ಬಲ್ಲ ಆಪರೇಟರ್ ಏನು ಮಾಡುತ್ತಾನೆ? ಕಣ್ಣಿಗೆ ಕಂಡ 'ಜ' ನೋಡಿ 'ಜೆ' ಒತ್ತುತ್ತಾನೆ. ಅವನ ತಪ್ಪಲ್ಲ. ಆದರೆ ಆಧಾರ್ ಕಾರ್ಡಿನಲ್ಲಿ 'ಜೆಡ್' ಇದ್ದು, ಅಂಕಪಟ್ಟಿಯಲ್ಲಿ 'ಜೆ' ಆದರೆ ಆ ಹುಡುಗನ ವಿದ್ಯಾರ್ಥಿವೇತನದ ಅರ್ಜಿಯನ್ನು ಯಂತ್ರ ಒಪ್ಪುವುದಿಲ್ಲ. ಹೆಸರು ಹೊಂದುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ಆಮೇಲೆ ಅಫಿಡವಿಟ್ಟು, ಅಲೆದಾಟ, ಬಸ್ ಚಾರ್ಜು. ಮಹಮ್ಮದ್, ಮೊಹಮ್ಮದ್, ಮಹ್ಮದ್, ಮೈಬೂಬಸಾಬ, ಮಹಿಬೂಬ ಸಾಬ್, ಫಾತಿಮಾ, ಪಾತೀಮಾ... ಒಂದೇ ಮನೆಯ ನಾಲ್ಕು ಜನರ ಕಾರ್ಡಿನಲ್ಲಿ ತಂದೆಯ ಹೆಸರು ನಾಲ್ಕು ಥರ ಇರುವುದನ್ನು ನಾನು ಪ್ರತಿ ವರ್ಷ ಶಾಲಾ ದಾಖಲಾತಿಯಲ್ಲಿ ನೋಡುತ್ತೇನೆ. ಕೀಲಿಮಣೆಯ ಮುಂದೆ ಕೂತವನಿಗೆ ಉರ್ದುವೂ ಕನ್ನಡವೂ ಬಂದರೆ, ಅವನು "ಚಾಚಾ, ನಿಮ್ಮ ಹೆಸರು ಜ್ವಾದ್‌ನಿಂದ ಇದೆಯೋ ಜೀಮ್‌ನಿಂದಲೋ? ಹಳೆ ಕಾಗದ ತೋರಿಸಿ" ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ಒಂದು ಕುಟುಂಬದ ಆರು ತಿಂಗಳ ಅಲೆದಾಟ ಉಳಿಯುತ್ತದೆ.

ಇನ್ನೊಂದು ಸಂಗತಿ. ನಮ್ಮ ಮೂರೂ ತಾಲ್ಲೂಕು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು. ಆ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ. ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ನನ್ನೊಬ್ಬ ವಿದ್ಯಾರ್ಥಿನಿ ಅವಳ ಕಾಕಾನ ಅಂಗಡಿಯಲ್ಲಿ ಕೂತಿದ್ದಾಗ, ಹಳ್ಳಿಯಿಂದ ಬಂದ ವಯಸ್ಸಾದ ಗೌಡರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಅಂಥ ಒಂದು ಕಾಗದ ತೆಗೆದು, ಜೆರಾಕ್ಸ್ ಮಾಡು ಎಂದರಂತೆ. ಅವಳು ಪ್ರತಿ ತೆಗೆಯುತ್ತಾ ಮೇಲಿನ ಸಾಲು ಓದಿ, "ಅಜ್ಜಾ, ಇದು ಫಸಲಿ 1350ದ್ದು" ಎಂದಳು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ಅಂದರೆ 1940ರ ಸುಮಾರು. ಗೌಡರಿಗೆ ತಮ್ಮ ಮನೆಯ ಆ ಕಾಗದದಲ್ಲಿ ಏನಿದೆ ಎಂದು ಎಪ್ಪತ್ತು ವರ್ಷದ ಬದುಕಿನಲ್ಲಿ ಯಾರೂ ಓದಿ ಹೇಳಿರಲಿಲ್ಲ. ಅವಳು ಅವರ ಮುತ್ಯಾನ ಹೆಸರು ಓದಿದಾಗ ಅವರು ಎದ್ದು ನಿಂತರಂತೆ. ಪೂರ್ತಿ ಓದಲು ಅವಳಿಗೆ ಆಗಲಿಲ್ಲ. ಆ ಗುಮಾಸ್ತರ ಕೈಬರಹ ಬಲು ಕಠಿಣ, ನನ್ನ ಬಳಿ ತಂದಾಗ ನಾನೂ ಎರಡು ಶಬ್ದಗಳ ಮುಂದೆ ಸೋತೆ. ಹೀಗೆ ಓದಿ ಹೇಳುವುದು ಕಚೇರಿಯಲ್ಲಿ ಅಧಿಕೃತ ಭಾಷಾಂತರ ಆಗುವುದಿಲ್ಲ, ಅದನ್ನೂ ಅವಳು ಗೌಡರಿಗೆ ಹೇಳಬೇಕಿತ್ತು, ಹೇಳಿದಳು. ಆದರೂ ಅವತ್ತಿನಿಂದ ಆ ಅಂಗಡಿಗೆ ಉರ್ದು ಕಾಗದ ಹಿಡಿದು ಬರುವವರು ಇದ್ದಾರೆ.

ಟೈಪಿಂಗ್ ವಿಷಯದಲ್ಲೂ ನಿಮಗೆ ಅನುಕೂಲ ಇದೆ. ಕನ್ನಡದ 'ನುಡಿ' ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಅದರ ಕೀಲಿಮಣೆಯ ವಿನ್ಯಾಸದ ಹಿಂದೆ ಇರುವವರು ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರೂ ಕೆ.ಪಿ. ರಾವ್ ಎಂದು ಕರೆಯುವವರು. ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಕೀಲಿಗಳನ್ನೇ ಬಳಸಿ, ಒತ್ತಕ್ಷರಕ್ಕೆ 'ಎಫ್' ಕೀಲಿ ಒತ್ತಿದರೆ ಕನ್ನಡ ಮೂಡುತ್ತದೆ. ಉರ್ದುವಿನ ಇನ್‌ಪೇಜ್‌ನಲ್ಲೂ ಉಚ್ಚಾರಣೆಯ ಕೀಲಿಮಣೆ ಇದೆ, ಅಲಿಫ್‌ಗೆ 'ಎ', ಬೇಗೆ 'ಬಿ'. ಎರಡು ವಾರ ದಿನಕ್ಕೆ ಒಂದು ಗಂಟೆ ಕೂತರೆ ಎರಡೂ ಕೈಗೆ ಬರುತ್ತವೆ. ಮೊದಲು ಉರ್ದು ಪತ್ರಿಕೆಗಳನ್ನು ಕಾತಿಬರು ಪುಟ ಪುಟವಾಗಿ ಕೈಯಿಂದ ಬರೆಯುತ್ತಿದ್ದರು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಜೋಡಿ ಅಕ್ಷರರೂಪಗಳನ್ನು ಬರೆದು ನೂರಿ ನಸ್ತಲೀಕ್ ತಯಾರಿಸಿದ ಮೇಲೆ ಕಂಪ್ಯೂಟರ್ ಉರ್ದು ಬರೆಯತೊಡಗಿತು. ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯು ಕಂಪ್ಯೂಟರ್, ಲೆಕ್ಕಪತ್ರ ಮತ್ತು ಬಹುಭಾಷಾ ಡಿ.ಟಿ.ಪಿ. ಸೇರಿದ ಒಂದು ವರ್ಷದ ಡಿಪ್ಲೊಮಾ ರೂಪಿಸಿದ್ದು ಇದೇ ಕಾರಣಕ್ಕೆ.

ಒಂದು ಸಣ್ಣ ತಾಂತ್ರಿಕ ಮಾತು, ಇದು ಗೊತ್ತಿದ್ದರೆ ಅಂಗಡಿಯವರು ನಿಮ್ಮನ್ನು ಬಿಡುವುದಿಲ್ಲ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಅಂತರ್ಜಾಲದ ಅರ್ಜಿಯಲ್ಲಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅಲ್ಲಿ ಯೂನಿಕೋಡ್ ಬೇಕು. ಹಳೆಯ ಇನ್‌ಪೇಜ್ ಕಡತಕ್ಕೂ ಇದೇ ಸಮಸ್ಯೆ. ಯಾವುದು ಹಳೆಯದು, ಯಾವುದು ಯೂನಿಕೋಡ್, ಒಂದರಿಂದ ಇನ್ನೊಂದಕ್ಕೆ ಹೇಗೆ ಬದಲಿಸುವುದು, ಇಷ್ಟನ್ನು ಶಾಲೆಯ ಕಂಪ್ಯೂಟರಿನಲ್ಲಿ ನಾನೇ ಅರ್ಧ ದಿನದಲ್ಲಿ ತೋರಿಸಿಕೊಡುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಸಿಹಿ ಮಾತು. ಇನ್ನು ಕಹಿ.

ನನ್ನೊಬ್ಬ ವಿದ್ಯಾರ್ಥಿ ಒಂಬತ್ತನೇ ತರಗತಿ ಮುಗಿಸಿ ಅಂಗಡಿಗೆ ಹೋದ. ಊರು ಹೇಳುವುದಿಲ್ಲ, ಮೂರು ತಾಲ್ಲೂಕಿನಲ್ಲಿ ಒಂದು. ಒಳ್ಳೆಯ ಕೈ, ಚುರುಕು ಬುದ್ಧಿ. ಮೇ ತಿಂಗಳು ಅಂಗಡಿಗಳಿಗೆ ಸುಗ್ಗಿ. ಫಲಿತಾಂಶ ಬಂದಿರುತ್ತದೆ, ಕಾಲೇಜು ಪ್ರವೇಶ ಶುರುವಾಗಿರುತ್ತದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ, 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು ಬಾಗಿಲವರೆಗೆ ನಿಂತಿರುತ್ತಾರೆ. ಅವನಿಗೆ ತಿಂಗಳಿಗೆ ಮೂರು ಸಾವಿರ ಕೊಟ್ಟರು. ಜೂನ್ ಬಂತು, ಶಾಲೆಗೆ ಅವನು ಬರಲಿಲ್ಲ. ಒಂದು ವಾರ ಕಾದು ಮನೆಗೆ ಹೋದೆ. ತಂದೆ ಹಮಾಲಿ ಮಾಡುವವರು. ಅವರು ದಖನಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಮಾಸ್ತರೇ, ಓದಿ ಕೊನೆಗೆ ಮಾಡುವುದೂ ಇದೇ ಕೆಲಸ ತಾನೆ? ಈಗಲೇ ಸಿಕ್ಕಿದೆ, ಒಂದು ವರ್ಷ ಯಾಕೆ ಕಳೆಯಬೇಕು?" ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಅವರ ಬೆನ್ನು ನೋಡಿದರೆ ಉತ್ತರ ಹೇಳುವ ಧೈರ್ಯವೂ ಬರುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮೂರು ವರ್ಷದ ನಂತರ, ಅದೇ ಅಂಗಡಿಯಲ್ಲಿ. ನನ್ನ ತಂಗಿಯ ಒಂದು ಅರ್ಜಿ ತುಂಬಿಸಲು ಹೋಗಿದ್ದೆ. ಗ್ರೂಪ್ 'ಸಿ' ಹುದ್ದೆ. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತಲ್ಲ, ಅದರ ಅಡಿಯಲ್ಲಿ 2013ರ ಆದೇಶದಂತೆ ನಮ್ಮ ಭಾಗದ ಸ್ಥಳೀಯ ವೃಂದದ ಗ್ರೂಪ್ 'ಸಿ' ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮವರಿಗೇ ಮೀಸಲು. ಅವನು ಆ ನಿಯಮಗಳನ್ನೆಲ್ಲ ಬಾಯಿಪಾಠ ಹೇಳಿದ. ಯಾವ ಪ್ರಮಾಣಪತ್ರ ಎಷ್ಟು ದಿನದಲ್ಲಿ ಬರುತ್ತದೆ, ಫೋಟೋ ಎಷ್ಟು ಅಳತೆ ಇರಬೇಕು, ಯಾವ ಕಾಲಮಿನಲ್ಲಿ ಜನ ತಪ್ಪುತ್ತಾರೆ, ಎಲ್ಲ ಗೊತ್ತು. "ಬೇಟಾ, ನೀನೂ ಹಾಕಬಾರದೇ?" ಎಂದೆ. ಪರದೆಯ ಮೇಲೆ ಒಂದು ಕಾಲಮಿಗೆ ಬೆರಳು ಇಟ್ಟು ತೋರಿಸಿದ. ಎಸ್.ಎಸ್.ಎಲ್.ಸಿ. ನೋಂದಣಿ ಸಂಖ್ಯೆ. ಅದು ಇಲ್ಲದೆ ಮುಂದಿನ ಪುಟ ತೆರೆಯುವುದಿಲ್ಲ. ದಿನಕ್ಕೆ ಎಷ್ಟೋ ಜನರಿಗೆ ಆ ಪುಟ ತೆರೆದು ಕೊಡುವವನು ಅವನೇ.

ಪಾಲಕರೇ, ಆ ತಂದೆಗೆ ನಾನು ಹೇಳಬೇಕಾಗಿದ್ದ ಉತ್ತರ ಅದು. ಕೆಲಸ ಅದೇ ಇರಬಹುದು, ಕುರ್ಚಿ ಅದೇ ಇರಬಹುದು. ಅಂಕಪಟ್ಟಿ ಇದ್ದವನು ಆ ಕುರ್ಚಿಯಿಂದ ಒಂದು ದಿನ ಎದ್ದು ಬೇರೆಡೆ ಹೋಗಬಲ್ಲ, ಇಲ್ಲದವನು ಅಲ್ಲೇ ಕೂರಬೇಕು. ನನ್ನ ಸಹೋದ್ಯೋಗಿಗಳು ಕೆಲವರು ಇದೇ ಕಾರಣಕ್ಕೆ, ಬೇಸಿಗೆ ಕೆಲಸಕ್ಕೆ ಮಕ್ಕಳನ್ನು ಕಳುಹಿಸಲೇಬಾರದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಹಣದ ಅಡಚಣೆ ಇರುವವನಿಗೆ ಬೇಡ ಎಂದರೆ ಅವನು ನಮಗೆ ಹೇಳದೆ ಹೋಗುತ್ತಾನೆ, ಅಷ್ಟೇ. ಹೇಳಿ ಹೋಗುವಂತೆ, ತಾರೀಖು ಹಾಕಿ ಹೋಗುವಂತೆ ಮಾಡುವುದು ಮೇಲು.

ಕಾನೂನು ಏನು ಹೇಳುತ್ತದೆ ಎಂಬುದೂ ನಿಮಗೆ ತಿಳಿದಿರಲಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಹದಿನಾಲ್ಕು ತುಂಬದವರನ್ನು ಹೊರಗಿನ ಯಾವ ಅಂಗಡಿಯಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಏಳನೇ, ಎಂಟನೇ ತರಗತಿಯವರು ಇನ್ನೂ ಕೈ ಎತ್ತಬೇಡಿ. ಹದಿನಾಲ್ಕರಿಂದ ಹದಿನೆಂಟರವರೆಗಿನವರು ಅಪಾಯಕಾರಿ ಅಲ್ಲದ ಕೆಲಸ ಮಾಡಬಹುದು, ಕಂಪ್ಯೂಟರ್ ಅಂಗಡಿಯ ಮೇಜಿನ ಕೆಲಸ ಅಂಥದು. ಆದರೆ ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು ಕೊಡಬೇಕು, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಮಾಡಿಸುವಂತಿಲ್ಲ, ವಾರಕ್ಕೆ ಒಂದು ದಿನ ರಜೆ. ನಮ್ಮಲ್ಲಿ ಅಂಗಡಿ ತುಂಬುವುದೇ ಬಿಸಿಲು ಇಳಿದ ಮೇಲೆ, ಮಾಲೀಕರು "ಒಂಬತ್ತರ ತನಕ ಇರು" ಎನ್ನುತ್ತಾರೆ. ಆಗ ಏಳಕ್ಕೆ ಎದ್ದು ಸಲಾಂ ಹೇಳಿ ಬರುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ಹದಿನೈದನೇ ದಿನ ಶುರು ಮಾಡಿದರೆ ಅದು ಜಗಳವಾಗುತ್ತದೆ.

ಇನ್ನು ಅಮಾನತ್ತಿನ ಮಾತು. ಆ ಅಂಗಡಿಗೆ ಬರುವ ಜನ ತಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋನು ಎಲ್ಲವನ್ನೂ ನಿಮ್ಮ ಕೈಗೆ ಕೊಟ್ಟು "ನೀನೇ ನೋಡಪಾ" ಎನ್ನುತ್ತಾರೆ. ಒ.ಟಿ.ಪಿ. ಬಂದರೆ ಓದಲೂ ಬಾರದವರು ಫೋನನ್ನೇ ಕೊಡುತ್ತಾರೆ. ಆ ಸಂಖ್ಯೆಯನ್ನು ಯಾವ ಕೆಲಸಕ್ಕೆ ಒತ್ತುತ್ತಿದ್ದೀರಿ ಎಂದು ಅವರಿಗೆ ಬಾಯಿ ಬಿಟ್ಟು ಹೇಳಿ ಒತ್ತಿ. ಹಾಳಾದ ಜೆರಾಕ್ಸ್ ಪ್ರತಿಗಳನ್ನು ಹರಿದು ಹಾಕಿ, ಭಜಿ ಕಟ್ಟುವ ಕಾಗದವಾಗಿ ಯಾರದೋ ಆಧಾರ್ ಸಂಖ್ಯೆ ಊರೆಲ್ಲ ತಿರುಗಬಾರದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ತಾಣದಿಂದಲೇ ತೆಗೆಯಬಹುದು, ಅದು ಸಾಕಾಗುವ ಕಡೆ ಅದನ್ನೇ ಕೊಡಿ ಎಂದು ಜನರಿಗೆ ಹೇಳಿ. ಯಾರಾದರೂ, ಮಾಲೀಕರೇ ಆಗಲಿ, "ಈ ಅಂಕಪಟ್ಟಿಯ ಹುಟ್ಟಿದ ದಿನಾಂಕ ಸ್ವಲ್ಪ ತಿದ್ದಿಕೊಡು, ಯಾರಿಗೂ ಗೊತ್ತಾಗೋದಿಲ್ಲ" ಎಂದರೆ ಅವತ್ತೇ ಆ ಅಂಗಡಿ ಬಿಟ್ಟು ಬನ್ನಿ. ನಾಳೆ ಪೊಲೀಸರು ಕೇಳುವುದು ಯಾರ ಕೈ ಕೀಲಿಯ ಮೇಲಿತ್ತು ಎಂದು.

ಹೆಣ್ಣುಮಕ್ಕಳ ವಿಷಯ. ಹಿಂದಿನ ಸಾಲಿನಲ್ಲಿ ಕೂತ ನಿಮ್ಮಲ್ಲಿ ಕೆಲವರು, "ಸರ್, ಇದೆಲ್ಲ ಹುಡುಗರಿಗೆ ತಾನೆ" ಎಂದುಕೊಳ್ಳುತ್ತಿದ್ದೀರಿ. ಗೌಡರ ಕಾಗದ ಓದಿದವಳು ಹುಡುಗಿ. ಅವಳಿಗೆ ಕಾಕಾನ ಅಂಗಡಿ ಇತ್ತು, ನಿಮಗೆ ಇಲ್ಲದಿರಬಹುದು. ಸಂಘದ ಸದಸ್ಯರಲ್ಲೇ ಕೆಲವರಿಗೆ ಅಂಗಡಿಗಳಿವೆ, ಮನೆಯ ಹೆಂಗಸರು ಕೂರುವ ಅಂಗಡಿಗಳೂ ಇವೆ. ಆ ಸದಸ್ಯರನ್ನು ಈ ಸಭೆಯಲ್ಲೇ ಕೇಳುತ್ತೇನೆ: ಈ ಬೇಸಿಗೆಗೆ ತಲಾ ಒಬ್ಬ ವಿದ್ಯಾರ್ಥಿನಿಯನ್ನು, ಹಗಲು ಹೊತ್ತು, ಪಗಾರ ಕೊಟ್ಟು ಇಟ್ಟುಕೊಳ್ಳುತ್ತೀರಾ? ಬರೀ ಕಸ ಗುಡಿಸಲು, ಚಹಾ ತರಲು ಅಲ್ಲ. ಉತ್ತರ ಈಗಲೇ ಬೇಡ, ಊಟದ ಹೊತ್ತಿಗೆ ಹೇಳಿದರೆ ಸಾಕು, ನಾನು ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ.

ಕೊನೆಗೆ, ಹೋಗಿ ಹೇಗೆ ಕೇಳಬೇಕು. ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಗಿರಾಕಿಗಳ ನಡುವೆ ಹೋಗಿ ನಿಲ್ಲಬೇಡಿ. "ಎಲ್ಲಾ ಬರ್ತದ" ಎನ್ನಬೇಡಿ, ನನಗೆ ಆದದ್ದು ಕೇಳಿದ್ದೀರಿ. "ನನಗೆ ಕನ್ನಡ, ಉರ್ದು ಎರಡೂ ಓದಲು ಬರೆಯಲು ಬರುತ್ತದೆ, ಟೈಪಿಂಗ್ ಕಲಿಯುತ್ತಿದ್ದೇನೆ, ಹೆಸರುಗಳನ್ನು ತಪ್ಪಿಲ್ಲದೆ ತಾಳೆ ನೋಡಬಲ್ಲೆ" ಎನ್ನಿ. ಆಳಂದದವರು ಮರಾಠಿ ಓದಲು ಬಂದರೆ ಅದನ್ನೂ ಹೇಳಿ, ಅಲ್ಲಿ ಮೂರು ಭಾಷೆಯ ಕಾರ್ಡು ಮಾಡಿಸುವವರಿದ್ದಾರೆ. ಅಫಜಲಪುರ ಕಡೆಯವರೂ ಅಷ್ಟೇ, ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ಬರುವ ಯಾತ್ರಿಕರಿಗೆ ಒಂದು ಪ್ರಿಂಟ್ ತೆಗೆದುಕೊಡಲೂ ಮರಾಠಿ ಬೇಕಾಗುತ್ತದೆ. ಆಮೇಲೆ ಒಂದು ಚೀಟಿ ಮುಂದಿಡಿ. ಅದರಲ್ಲಿ ನಿಮ್ಮ ಹೆಸರು, ತರಗತಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ವಾರಕ್ಕೆ ಎಷ್ಟು ಪಗಾರ, ಏನು ಕಲಿಸುತ್ತಾರೆ, ತಪ್ಪಾದರೆ ಯಾರ ಜವಾಬ್ದಾರಿ. ಮುದ್ರಣಕ್ಕೆ ಹೋಗುವ ಮುನ್ನ ಗಿರಾಕಿಯ ಸಹಿ ಪಡೆಯುವುದು ಮಾಲೀಕರ ಕೆಲಸ ಎಂದೂ ಬರೆಸಿ. ನನ್ನ ಆ ಎರಡು ನೂರು ಕಾರ್ಡುಗಳ ನೆನಪಿಗಾದರೂ ಬರೆಸಿ. ತಿಂಗಳ ಪಗಾರ ಬೇಡ, ವಾರದ ಪಗಾರ ಕೇಳಿ, ಲೆಕ್ಕ ತಪ್ಪಿದರೆ ಒಂದು ವಾರದ್ದಷ್ಟೇ ಹೋಗುತ್ತದೆ. ಕೊನೆಯ ತಾರೀಖು ಶಾಲೆ ತೆರೆಯುವುದಕ್ಕೆ ಮೂರು ದಿನ ಮೊದಲು ಇರಲಿ.

ಚೀಟಿಯ ಮೂರು ಪ್ರತಿ ಮಾಡಿಸಿ, ಜೆರಾಕ್ಸ್ ಅಂಗಡಿಯಲ್ಲೇ ಇರುತ್ತದೆ. ಒಂದು ಮಾಲೀಕರಿಗೆ, ಒಂದು ಮನೆಗೆ, ಒಂದು ನನಗೆ. ಶಾಲೆ ತೆರೆದ ಮೊದಲ ಸೋಮವಾರ ಆ ಚೀಟಿಗಳನ್ನು ಹಿಡಿದು ಹಾಜರಿ ಕರೆಯುತ್ತೇನೆ. ಬಾರದವರ ಅಂಗಡಿಗೆ ಅದೇ ಸಂಜೆ ಬರುತ್ತೇನೆ, ಈ ಸಲ ಒಂದು ವಾರ ಕಾಯುವುದಿಲ್ಲ.